ಗ್ಯಾರಂಟಿ ಜೀಪಿಗೊಂದು ಮೆಟ್ಟಿಲು

ಟಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಣ್. ಮಿಲ್ಲಿನ ಭೋಂಗಾ ಕೂಗುವ ಮೊದಲೇ ಆ ಸದ್ದು ನನ್ನನ್ನು ಎಬ್ಬಿಸುತ್ತಿತ್ತು. ಸೊಲ್ಲಾಪುರದ ನವಿ ಪೇಠದಲ್ಲಿ ಮುಂದೆ ನಮ್ಮ ಚಾದರದ ಅಂಗಡಿ, ಹಿಂದೆ ಮನೆ, ಪಕ್ಕದ ಬೋಳದಲ್ಲಿ, ಅಂದರೆ ಸಂದಿಯಲ್ಲಿ, ಹೊಸ ಜೀಪು. ನಮ್ಮ ಅತ್ತೆ ಬೆಳಗಾಗುತ್ತಲೇ ಅದರ ಸುತ್ತ ಕುಂಟುತ್ತ ತಿರುಗುವರು. ಮಂಡಿನೋವಿಗೆಂದು ಕೈಗೆ ಹಾಕಿಕೊಂಡಿದ್ದ ತಾಮ್ರದ ಕಡಗ ಮಡ್ಗಾರ್ಡಿಗೆ ಬಡಿಯುತ್ತಿತ್ತು. ತಾನಾಗಿ ಬಡಿಯುತ್ತಿತ್ತೋ, ಅವರೇ ಬಡಿಯುತ್ತಿದ್ದರೋ, ಐ ವಾಸ್ ನೆವರ್ ಶ್ಯೂರ್.

"ಏನ್ ಮಾಡಾಕತ್ತೀರಿ ಅತ್ತೀ?" ಎಂದು ಕೇಳಿದರೆ, "ಕುದುರಿ ಎದ್ದದೋ ಇಲ್ಲೋ ನೋಡಾಕತ್ತೀನಿ" ಅನ್ನುವರು.

ಎಪ್ಪತ್ತರ ದಶಕ. ನಾನು ಪುಣೆಯ ಕಾನ್ವೆಂಟಿನಿಂದ ಬಂದ ಹೊಸ ಸೊಸೆ. ಒಂದು ಕಡೆ ಕೂತು ಗೊತ್ತಿರದ ಹುಡುಗಿ ಎಂದು ನನ್ನನ್ನು ಸಿಸ್ಟರ್‌ಗಳು ಬೈಯುತ್ತಿದ್ದರು. ಅತ್ತೆಯನ್ನು ನೋಡಿದ ಮೇಲೆ ರೆಸ್ಟ್‌ಲೆಸ್ ಅಂದರೇನು ಎಂದು ತಿಳಿಯಿತು. ಅವರಿಗೆ ಒಬ್ಬಳೇ ಅಕ್ಕ. ಅಕ್ಕಲಕೋಟ ದಾಟಿ, ಕರಿಮಣ್ಣಿನ ದಾರಿಯಲ್ಲಿ ಒಳಗೆ ಹೋದರೆ ಅಕ್ಕನ ಹೊಲದ ಮನೆ. ಲಕ್ವಾ ಹೊಡೆದು ಮಂಚ ಹಿಡಿದಿದ್ದರು. ಅಕ್ಕಲಕೋಟದ ತನಕ ಬಸ್ಸಿತ್ತು. ಮುಂದಿನ ದಾರಿಗೆ ಎತ್ತಿನ ಬಂಡಿ, ಇಲ್ಲವೇ ಜೀಪು. ಬಂಡಿಯ ಕುಲುಕಾಟ ಅತ್ತೆಯ ಮಂಡಿಗೆ ಆಗದು. ಜೀಪು ಬಂತು ಎಂದು ಹಿಗ್ಗಿದರೆ, ಅದು ಅವರ ಸೊಂಟದೆತ್ತರ.

ಮೊದಲ ಸಲ ಸ್ಟೂಲ್ ಇಟ್ಟು ಹತ್ತಿಸಿದೆವು. ಅಕ್ಕನ ಅಂಗಳದಲ್ಲಿ ಇಳಿಯುವಾಗ ಹಸಿಮಣ್ಣಿನಲ್ಲಿ ಸ್ಟೂಲಿನ ಕಾಲು ಹುಗಿದು ಅತ್ತೆ ಬಿದ್ದರು. ಆಮೇಲೆ ಸ್ಟೂಲ್ ಎಂದರೆ ಮುಖ ತಿರುಗಿಸುವರು. ನನ್ನ ಗಂಡ, "ನಾವೇ ಎತ್ತಿ ಕೂಡಸ್ತೀವಿ ಬಾ ಅವ್ವಾ" ಅಂದರೆ, "ಪೇಠದ ಮಂದಿ ಮುಂದ? ನಾ ಏನ್ ಚಾದರದ ಗಂಟಲ್ಲ, ಎತ್ತಿ ಒಗೀಲಿಕ್ಕೆ."

ಜೀಪಿಗೇ ಒಂದು ಕಬ್ಬಿಣದ ಮೆಟ್ಟಿಲು ವೆಲ್ಡ್ ಮಾಡಿಸಿದರಾಯಿತು. ಆದರೆ ಮಾವನಿಗೆ ಗ್ಯಾರಂಟಿಯ ಹುಚ್ಚು. ಅಲ್ಲಿಯವರೆಗೆ ಅವರು ಕೊಂಡದ್ದೆಲ್ಲ ಬೇರೆಯವರು ಓಡಿಸಿ ಬಿಟ್ಟ ಗಾಡಿಗಳು, ದಾರಿಯಲ್ಲೇ ಕೈಕೊಟ್ಟವು. ಹೊಸ ಗಾಡಿ, ಅದರ ಹಿಂದೆ ಕಂಪನಿಯ ಮಾತು, ಜೀವನದಲ್ಲಿ ಇದೇ ಮೊದಲು. "ಒಂದು ತೂತು ಹಾಕಬ್ಯಾಡ್ರಿ, ಒಂದು ಕಿಡಿ ಹಾರಸಬ್ಯಾಡ್ರಿ. ಗ್ಯಾರಂಟಿ ಮುಗೀಲಿ, ಆಮ್ಯಾಲ ಜಿನಾ ಕಟ್ಟಸ್ತೀನಿ" ಅನ್ನುವರು. ಜಿನಾ ಅಂದರೆ ಮಹಡಿ ಮೆಟ್ಟಿಲು.

"ಗ್ಯಾರಂಟಿ ನಿಮ್ಮ ಜೀಪಿಗದ," ಅತ್ತೆ ಒಳಗಿನಿಂದ ಹೇಳುವರು, "ನಮ್ಮಕ್ಕಗ ಯಾರ್ ಕೊಟ್ಟಾರ?"

ಕಂಪನಿಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮಾವ ನನ್ನನ್ನು ಕೂರಿಸಿಕೊಂಡು ಓದಿಸಿದರು. ಕೇಳದೆ ಗಾಡಿಯಲ್ಲಿ ಏನು ಬದಲು ಮಾಡಿದರೂ, ಏನು ಜೋಡಿಸಿದರೂ ಗ್ಯಾರಂಟಿ ಇಲ್ಲ ಎಂದಿತ್ತು. ಮಾವ ನನ್ನ ಮುಖವನ್ನೇ ನೋಡುತ್ತ, "ಮತ್ತೊಮ್ಮಿ ಓದು ಸೂನಬಾಯಿ, ನಿಧಾನ" ಅಂದರು. ಸೊಸೆಯನ್ನು ಅವರು ಮರಾಠಿಯಲ್ಲೇ ಕರೆಯುವರು. ನಿಧಾನ ಓದಿದರೂ ಅದೇ ಇತ್ತು.

ದಾರಿ ಹುಡುಕಿದವರು ನನ್ನ ಗಂಡ. ವೆಲ್ಡಿಂಗ್ ಬೇಡ, ತೂತೂ ಬೇಡ. ಮೆಟ್ಟಿಲನ್ನು ಕ್ಲ್ಯಾಂಪಿನಿಂದ ಜೀಪಿನ ತಳದ ಚಾಸಿಗೆ ಬಿಗಿಯುವುದು, ಸರ್ವಿಸಿಂಗಿಗೆ ಒಯ್ಯುವಾಗ ಬಿಚ್ಚಿಡುವುದು. ಮಾವ ಎರಡು ದಿನ ಬೀಡಿ ಸೇದುತ್ತ ಅಂಗಡಿಯಿಂದ ಜೀಪಿಗೆ, ಜೀಪಿನಿಂದ ಅಂಗಡಿಗೆ ಓಡಾಡಿ ಒಪ್ಪಿಕೊಂಡರು. ಒಪ್ಪಿದ ಮೇಲೆ ಅವರದೇ ಗಡಿಬಿಡಿ. ನಮ್ಮ ಮನೆಯಲ್ಲಿ ಯಾವ ಕಬ್ಬಿಣ ಬಂದರೂ ಪೂಜೆಯಾಗದೆ ಬಳಸುವ ಹಾಗಿಲ್ಲ. ಮೆಟ್ಟಿಲಿಗೆ, ಅದು ಕೂತ ಚಾಸಿಗೆ ಮಾವನೇ ಅರಿಸಿನ ಬಳಿದು, ಐದು ಬೆರಳಿನಿಂದ ಕುಂಕುಮ ಇಟ್ಟು, ಕಾಯಿ ಒಡೆದರು.

ಅತ್ತೆ ಗುರುವಾರಕ್ಕೊಮ್ಮೆ ಅಕ್ಕನ ಮನೆಗೆ ಹೊರಟರು. ವಾರವಿಡೀ ಚಡಪಡಿಸುವವರು ಬುಧವಾರ ರಾತ್ರಿ ಮಾತ್ರ ಸುಖವಾಗಿ ನಿದ್ದೆ ಮಾಡುವರು.

ಸರ್ವಿಸಿಂಗಿನ ದಿನ ಬಂತು. ಮೆಟ್ಟಿಲು ಬಿಚ್ಚಿ ಉಗ್ರಾಣದಲ್ಲಿಟ್ಟು, ಮಾವ ಒಗೆದ ಧೋತ್ರ ಉಟ್ಟು ತಾವೇ ಏಜನ್ಸಿಗೆ ಹೋದರು. ಮರಳಿ ಬಂದಾಗ ಟೋಪಿ ಕೈಯಲ್ಲಿತ್ತು. ನಡೆದದ್ದನ್ನು ನನ್ನ ಗಂಡ ಹೇಳಿದರು. ಏಜನ್ಸಿಯವನು ಜೀಪಿನ ಕೆಳಗೆ ಟಾರ್ಚ್ ಬಿಟ್ಟು, "ಶೇಠಜಿ, ಇಥಂ ಕುಣಾಚಿ ಪೂಜಾ ಕೇಲಿ?" ಎಂದು ಕೇಳಿದನಂತೆ. ಇಲ್ಲಿ ಯಾರ ಪೂಜೆ ಮಾಡಿದಿರಿ? ಮೆಟ್ಟಿಲೇನೋ ಬಿಚ್ಚಿದ್ದೆವು. ಬೋಳು ಚಾಸಿಯ ಮೇಲೆ ಅರಿಸಿನ ಕುಂಕುಮ ಹಾಗೇ ಇತ್ತು, ಬದಿಗೆ ಕ್ಲ್ಯಾಂಪಿನ ಗೀರು. ಪೂಜೆ ಮಾಡಿದ್ದನ್ನು ಒರೆಸುವುದು ನಮ್ಮಲ್ಲಿ ಯಾರಿಗೂ ಹೊಳೆಯುವ ಮಾತಲ್ಲ. ಈ ಸಲ ಬಿಟ್ಟಿದ್ದೇನೆ, ಮತ್ತೆ ಏನಾದರೂ ಜೋಡಿಸಿದ್ದು ಕಂಡರೆ ಗ್ಯಾರಂಟಿ ರದ್ದು ಎಂದು ಅವನು ಹೇಳಿದ. ಮಾವ ಮಾತು ಕೊಟ್ಟು ಬಂದಿದ್ದರು. ಕೊಟ್ಟ ಮಾತು ಮುರಿಯುವ ಪೈಕಿ ಅವರಲ್ಲ.

"ಕುಂಕುಮ ಹಚ್ಚಾಕ ನಿಮಗ ಜೀಪಿನ ಹೊಟ್ಟೀನ ಸಿಕ್ತು" ಅಂದರು ಅತ್ತೆ. ಮತ್ತೆ ಬೆಳಗಿನ ಜಾವ ಟಣ್, ಟಣ್. ಗುರುವಾರಗಳು ಹೋದವು. ನಾನೂ ನಿಂತಲ್ಲಿ ನಿಲ್ಲಲಾರದೆ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ.

ಒಂದು ಮಧ್ಯಾಹ್ನ ಅಕ್ಕಲಕೋಟದಿಂದ ಟ್ರಂಕ್ ಕಾಲ್ ಬಂತು. ಅಕ್ಕ ಊಟ ಬಿಟ್ಟಿದ್ದಾರೆ, ತಂಗಿಯ ಹೆಸರು ಹೇಳುತ್ತಿದ್ದಾರೆ. ಮಾವ ಫೋನ್ ಇಟ್ಟವರೇ ಉಗ್ರಾಣಕ್ಕೆ ಹೋದರು, ಮೆಟ್ಟಿಲಿನ ಮುಂದೆ ನಿಂತರು, ಬರಿಗೈಯಲ್ಲಿ ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಇತ್ತ ಹಮಾಲರು ಜೀಪಿಗೆ ಚಾದರದ ಗಂಟುಗಳನ್ನು ಹೇರುತ್ತಿದ್ದರು. ಗೋಣಿತಟ್ಟು ಹೊಲಿದು ಹಗ್ಗ ಬಿಗಿದ, ಕಲ್ಲಿನಂತೆ ಗಟ್ಟಿಯಾದ ಗಂಟುಗಳು. ಒಂದು ಮಾತ್ರ ಜೀಪಿನ ಬಾಗಿಲ ಬದಿಗೆ ಕೆಳಗೇ ಉಳಿದಿತ್ತು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದರು. ಹೂಡ್‌ನ ಕಂಬಿ ಹಿಡಿದರು, ಗಂಟಿನ ಮೇಲೆ ಒಂದು ಕಾಲಿಟ್ಟರು, ಇನ್ನೊಂದು ಎಳೆದುಕೊಂಡರು, ಜೀಪಿನೊಳಗೆ ಕೂತರು. ಯಾರ ಕೈಯೂ ಬೇಕಾಗಲಿಲ್ಲ.

ಮಾವ ಉಗ್ರಾಣದ ಬಾಗಿಲಲ್ಲೇ ನಿಂತರು. ಗಂಟನ್ನು ನೋಡುತ್ತ, "ಸೂನಬಾಯಿ, ಆ ಪುಸ್ತಕದಾಗ ಗಂಟಿಂದು ಏನರೆ ಬರದಾರೇನು?"

"ಇಲ್ರಿ ಮಾವಾರ. ಅದು ಜೋಡಿಸಿದ್ದಲ್ಲ. ಅದು ಮಾಲು."

"ಮಾಲು," ಅಂದರು ಮಾವ. "ಹೌದಲ. ಮಾಲು ಹೇರಾಕನ ಜೀಪ ತಂದೀವಿ." ಅತ್ತೆಯ ಕಡೆ ತಿರುಗಿ ಮೆಲ್ಲಗೆ, "ಚಾದರದ ಗಂಟಲ್ಲ ಅಂದಿದ್ದಿ."

"ಎತ್ತಿ ಒಗೀಬ್ಯಾಡ್ರಿ ಅಂದಿದ್ದೆ. ಗಾಡಿ ಬಿಡಸ್ರಿ."

ಬೇರೆ ಗಂಟುಗಳನ್ನು ಇಳಿಸಿ ಅದೊಂದನ್ನೇ ಹೇರಿಕೊಂಡು ಹೊರಟೆವು. ನನ್ನ ಗಂಡ ಸ್ಟೀರಿಂಗಿಗೆ, ನಾನು ಹಿಂದೆ. ಕರಿಮಣ್ಣಿನಲ್ಲಿ ಚಕ್ರ ಜಾರಿದಾಗಲೆಲ್ಲ ಅತ್ತೆಯ ಕಡಗ ಕಂಬಿಗೆ ಬಡಿಯುತ್ತಿತ್ತು. ಅಕ್ಕನ ಅಂಗಳದಲ್ಲಿ ಗಂಟು ಇಳಿಸಿದೆವು. ಅಗಲವಾದ ಗಂಟು, ಮಣ್ಣಿನಲ್ಲಿ ಹುಗಿಯಲಿಲ್ಲ.

ಮಂಚದ ಮೇಲಿಂದಲೇ ನೋಡುತ್ತಿದ್ದ ಅಕ್ಕ ಸೊಟ್ಟ ತುಟಿಯಲ್ಲೇ ನಕ್ಕರು. "ಚಾದರ ಹಾಸಿಕೊಂಡ ಇಳೀತಾಳ ನೋಡ್ರಿ, ಸೊಲ್ಲಾಪುರದ ರಾಣಿ."

"ನೀ ಉಣ್ಣವಲ್ಲಿ ಅಂತ ಬಂದೀನಿ. ಮೊದಲ ಬಾಯಿ ತಗಿ," ಅತ್ತೆ ಗದರಿದರು. ಗಂಜಿ ಕುಡಿಸಿದರು, ತಲೆ ಬಾಚಿದರು, ಮತ್ತೆ ಬಾಚಿದರು. ಮೋಡ ಕಟ್ಟಿತು. ದಾರಿ ಕೆಸರಾದರೆ ಜೀಪೂ ಸಿಕ್ಕಿಕೊಳ್ಳುತ್ತದೆ ಎಂದು ನನ್ನ ಗಂಡ ಅವಸರ ಮಾಡಿದರು.

ಅತ್ತೆ ಗಂಟು ಹತ್ತಿ ಜೀಪಿನಲ್ಲಿ ಕೂತರು. ನಾವಿಬ್ಬರೂ ಗಂಟು ಎತ್ತಲು ಬಗ್ಗಿದಾಗ, "ಇಲ್ಲೇ ಇರ್ಲಿ ಬಿಡು" ಅಂದರು. "ಅಂಗಡ್ಯಾಗ ಬ್ಯಾರೆ ಅವ. ಮತ್ತ ಬರಬೇಕಲ್ಲ, ಇಳೀಲಿಕ್ಕೆ ಬೇಕು."

ಅಕ್ಕನ ಮಂಚವನ್ನು ಬಾಗಿಲಿಗೆ ತಂದಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಕೈಬೀಸುತ್ತಿದ್ದಾರೆ ಎಂದು ನಾನೂ ಕೈ ಎತ್ತಿದೆ. ಅವರು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಆಡುತ್ತಿದ್ದ ಒಂದೇ ಕೈಯಿಂದ ಮನೆಯವರಿಗೆ ಅಂಗಳದ ಗಂಟು ತೋರಿಸುತ್ತಿದ್ದರು, ಮಳೆ ಬರುವುದರೊಳಗೆ ಒಳಗೆ ತನ್ನಿ ಎಂದು.