ತಳ ಕಾಣುವವರೆಗೆ ಕುಡಿದ ರಸ

ಆಸ್ಪತ್ರೆಯವರು ಮನೆಗೆ ಕಳಿಸುವಾಗ ಕೊಟ್ಟ ಹಾಳೆಯನ್ನು ನಾನು ಯಾರ ಕೈಯಲ್ಲೂ ಓದಿಸಲಿಲ್ಲ. ತಮ್ಮನ ಹೃದಯ ಸೋತಿದೆ ಎಂದಷ್ಟೇ ಗೊತ್ತಿತ್ತು. ನಾನು ಓದಿದ್ದು ಐದನೇ ಕ್ಲಾಸು. ಇಂಗ್ಲಿಷ್ ಬರುವುದಿಲ್ಲ ಎನ್ನಲು ನಾಚಿಕೆಯಾಗಿ ಅದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಅಮೆರಿಕದ ಫ್ರೀಮಾಂಟಿನಲ್ಲಿರುವ ಅವನ ಮನೆಯಲ್ಲಿ, ಸುಸ್ತಾಗಿ ಕಣ್ಣು ಮುಚ್ಚಿ ಮಲಗಿದ್ದ ತಮ್ಮ ಕೇಳಿದ, "ಏನಕ್ಕಾ ಬರ್ದಿದಾರೆ?"

"ಮಾತ್ರೆ ತಗೊಳ್ಳೋ ಹೊತ್ತು, ಅಷ್ಟೇ."

ನಮ್ಮ ಮಂಡ್ಯದ ಕಡೆ ಕಾಯಿಲೆಯಿಂದ ಎದ್ದವರಿಗೆ ಕಾಲು ಸೂಪು ಕೊಡುತ್ತಾರೆ. ಅದಕ್ಕೇ ಅವನಿಗಿಷ್ಟವಾದ ಹಳೇ ಜಪಾನಿ ರಾಮೆನ್ ಅಂಗಡಿಗೆ ನಾನೇ ಹೊರಡಿಸಿದೆ. ಅಲ್ಲಿ ಹಂದಿ ಮೂಳೆಯನ್ನು ಹಾಲಿನಂತೆ ಬೆಳ್ಳಗಾಗುವವರೆಗೆ ಕುದಿಸಿ, ಆ ರಸದಲ್ಲಿ ನೂಡಲ್ಸ್ ಹಾಕಿ ಕೊಡುತ್ತಾರೆ. ಕಾರಿನಿಂದ ಬಾಗಿಲಿಗೆ ಹೋಗುವಷ್ಟರಲ್ಲಿ ಅವನು ಎರಡು ಸಲ ನಿಂತ. ಊದಿದ ಕಾಲಿಗೆ ಶೂ ಹಿಡಿಸದೆ ಚಪ್ಪಲಿ ಹಾಕಿದ್ದ.

ನೂಡಲ್ಸ್ ತಿಂದು ಬಟ್ಟಲು ತಳ್ಳಿದ. "ಸಾಕಕ್ಕಾ, ಉಪ್ಪು ಜಾಸ್ತಿ."

"ಮೂಳೆ ರಸ ಬಿಟ್ರೆ ಮೈಗೇನೋ ಹತ್ತುತ್ತೆ? ಕುಡಿ."

"ಬಾಣಂತಿಗೆ ಹೇಳ್ದಂಗೆ ಹೇಳ್ತೀಯಲ್ಲೇ!" ನಗುತ್ತಾ ಬಟ್ಟಲೆತ್ತಿ ತಳ ಕಾಣುವವರೆಗೆ ಕುಡಿದ. ನಗು ಕೆಮ್ಮಾಯಿತು. ಆಮೇಲೆ ಎಲ್ಲಿಂದಲೋ ಗೊರಗೊರ ಸದ್ದು ಕೇಳಿಸುತ್ತಿತ್ತು. ಅಂಗಡಿಯ ಅಡುಗೆಮನೆಯಲ್ಲಿ ರಸದ ಹಂಡೆ ಕುದಿಯುತ್ತಿದೆ ಎಂದುಕೊಂಡೆ. ಅದು ಅವನ ಎದೆಯಿಂದ ಬರುತ್ತಿತ್ತು.

ಮಾರನೆಯ ಬೆಳಿಗ್ಗೆ ಉಸಿರು ಕಟ್ಟಿ ಆಂಬುಲೆನ್ಸ್ ಕರೆಸಬೇಕಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಅದೇ ಹಾಳೆ ಓದಿದರು. ಫೋನಿನಲ್ಲಿದ್ದ ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದಳು: ಉಪ್ಪು ಬೇಡ, ಸೂಪು ಬೇಡ, ಮೈಯಲ್ಲಿ ನೀರು ನಿಂತು ಎದೆಗೆ ತುಂಬುತ್ತದೆ.

ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ತಮ್ಮನ ಕಾಲು ಹಿಡಿದೆ. ಬೆರಳೊತ್ತಿದ ಕಡೆ ಗುಳಿ ಹಾಗೇ ನಿಂತಿತು.

"ತಪ್ಪಾಯ್ತು ಕಣೋ. ಹಾಳೇಲಿ ಏನಿತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಗೊತ್ತಿರೋಳ ಥರ ನಿಂಗೆ ಸುಳ್ಳು ಹೇಳ್ದೆ."