ಸ್ಟೀಲ್ ತಟ್ಟೆಯ ಬೆಳಕು

ಕಿರಂಗೂರಿಗೆ ಬಂದ ಮೊದಲ ವಾರದಲ್ಲೇ ನಾನು ಹೆಣದ ಹೂವನ್ನು ಮನೆಯೊಳಗೆ ತಂದೆ. ಬೆಳಿಗ್ಗೆ ಎದ್ದು ನೋಡಿದರೆ ರಸ್ತೆಯುದ್ದಕ್ಕೂ ಚೆಂಡು ಹೂವು ಚೆಲ್ಲಿತ್ತು. ಸಂತೆಯಲ್ಲಿ ಮಾರಾಟವಾಗದೆ ಉಳಿದದ್ದನ್ನು ಯಾರೋ ಸುರಿದುಹೋಗಿರಬೇಕು ಅಂದುಕೊಂಡೆ. ನಮ್ಮ ವಿಜಯಪುರದ ಕಡೆ ಹೂವೆಂದರೆ ಮೊಳದ ಲೆಕ್ಕ, ಇಲ್ಲಿ ಟ್ರಾಕ್ಟರಿನ ಲೆಕ್ಕ. ಸೆರಗಿನ ತುಂಬ ಆಯ್ದು ತಂದು, ಕಿಟಕಿಯ ಪಕ್ಕ ಇಟ್ಟು ಕ್ಯಾಮೆರಾ ಜೋಡಿಸುತ್ತಿದ್ದೆ. ಮನೆಯ ಒಡತಿ ಪುಟ್ಟಮ್ಮ ಬಾಗಿಲಿಗೆ ಬಂದು ನಿಂತರು.

"ಅದು ನೆನ್ನೆ ಹೆಣದ ಮುಂದೆ ಎರಚಿದ್ದು ಕಣವ್ವ. ಮೊದ್ಲು ಆಚೆ ಹಾಕ್ಬುಟ್ಟು ತಲೆಮ್ಯಾಕೆ ನೀರು ಉಯ್ಕೊ."

ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅವರು ಮನೆಯೆಲ್ಲ ಗಂಜಲ ಚಿಮುಕಿಸಿದ್ದರು. ಊರು ನೋಡುವ ಮೊದಲೇ ಊರಿನವರ ಬಾಯಿಗೆ ಬಿದ್ದೆ.

ಅಲ್ಲಿ ಹೇಗಿದ್ದೀ ಎಂದು, ಮುಳುಗಿದ ನಮ್ಮೂರಿನವರಿಗೆ ಕಟ್ಟಿದ ಪುನರ್ವಸತಿ ಕೇಂದ್ರದಿಂದ ನೀವೆಲ್ಲ ಕೇಳುತ್ತೀರಿ. ಪಾಂಡವಪುರದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ನಾನು ಮಾತಿಗೊಮ್ಮೆ 'ರೀ' ಅಂದರೆ ಮಕ್ಕಳು ನಗುತ್ತವೆ. ಮುದ್ದೆಯನ್ನು ಅಗಿಯದೆ ನುಂಗಲು ಕಲಿತಿದ್ದೇನೆ, ಅದೊಂದು ಗೆಲುವು. ನನ್ನ ಜೊತೆ ಬಂದಿದ್ದ ಅವ್ವ ಮಾತ್ರ ಕೊನೆಯವರೆಗೂ ಅಗಿದೇ ತಿಂದಳು, ರೊಟ್ಟಿಯನ್ನೇ ನೆನೆಸುತ್ತ.

ಬಿಡುವಿದ್ದಾಗ ಹೂವಿನ ಫೋಟೊ ತೆಗೆಯುತ್ತೇನೆ. ಹೂವೆಂದು ಗೊತ್ತೇ ಆಗದಷ್ಟು ಹತ್ತಿರದಿಂದ. ತೊಟ್ಟು, ಅಂಚು ಎಲ್ಲ ಚೌಕಟ್ಟಿನಿಂದ ಆಚೆ ಹೋಗಬೇಕು, ಒಂದು ಬಾಗು, ಒಂದು ನೆರಳು ಉಳಿದರೆ ಸಾಕು. ಕಿಟಕಿಗೆ ಬಿಳಿ ಪಂಚೆ ಕಟ್ಟಿದರೆ ಬಿಸಿಲು ಮೆತ್ತಗಾಗುತ್ತದೆ. ಎದುರಿನಿಂದ ಊಟದ ಸ್ಟೀಲ್ ತಟ್ಟೆ ಹಿಡಿದರೆ ಎಸಳಿನ ಮಡಿಕೆಯೊಳಕ್ಕೆ ಚೂರು ಬೆಳಕು ಹೋಗುತ್ತದೆ. ತಟ್ಟೆ ಹಿಡಿಯುವುದು ಅವ್ವನ ಕೆಲಸವಾಗಿತ್ತು. ಅವಳ ಕೈ ನಡುಗಿದರೆ ಎಸಳಿನ ಮೇಲೆ ಬೆಳಕೂ ನಡುಗುತ್ತಿತ್ತು. ಹೂವನ್ನು ಹೂವಿನಂತೆ ತೆಗೆದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಗೊಣಗುತ್ತಲೇ ಹಿಡಿಯುತ್ತಿದ್ದಳು. ನನಗೆ ಈ ಊರಿನಲ್ಲಿ ಅವಳೊಬ್ಬಳೇ ಜೊತೆ.

ನೀರು ಕಂಡರೆ ಅವ್ವ ಮುಖ ತಿರುಗಿಸುತ್ತಿದ್ದಳು. ನಮ್ಮೂರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ್ದನ್ನು ನಿಮಗೆ ಹೇಳಬೇಕಿಲ್ಲ. ಅಪ್ಪನ ಸಮಾಧಿ ಅದರ ಅಡಿಗೇ ಇದೆ. ಒಮ್ಮೆ ಬೆಳಗೊಳದ ಆಚೆ ಅಣೆಕಟ್ಟೆಯವರೆಗೆ ಕರೆದುಕೊಂಡು ಹೋಗಿದ್ದೆ. ಜನ ಐಸ್‌ಕ್ರೀಮು ತಿನ್ನುತ್ತ ನೀರು ನೋಡುತ್ತಿದ್ದರು. ಅವ್ವ ಆಟೊದಿಂದ ಇಳಿಯಲೇ ಇಲ್ಲ. ಇದರ ಕೆಳಗೂ ಯಾರದೋ ಊರು ಇದ್ದೀತು ಅಂದಳು. ವಾಪಸು ಬರುವಾಗ ನನ್ನ ಕೈ ಹಿಡಿದು ಹೇಳಿದಳು: "ನಾ ಸತ್ರ ನನ್ನ ನೀರಿನ ಹತ್ರ ಇಡಬ್ಯಾಡ, ಯವ್ವಾ."

ಕಳೆದ ಮಳೆಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ನಮ್ಮಲ್ಲಿ ಹೂಳುವುದು ಪದ್ಧತಿ. ಊರಿಗೆ ಒಯ್ಯೋಣವೆಂದರೆ ಅಪ್ಪನ ಪಕ್ಕದಲ್ಲಿ ಮಣ್ಣೇ ಇಲ್ಲ. ಇಲ್ಲಿಯ ಸ್ಮಶಾನ ನಾಲೆಯ ಪಕ್ಕದಲ್ಲಿದೆ, ಹಾರೆ ಹಾಕಿದಲ್ಲೆಲ್ಲ ನೀರು ಒಸರುತ್ತಿತ್ತು. ಒಂದೇ ಒಂದು ಮಾತು ಕೇಳಿದ್ದಳು, ಅದನ್ನೂ ನಡೆಸಲಾರದೆ ಹೋದೆ ಅನಿಸಿತು.

ಪುಟ್ಟಮ್ಮನ ಹೂವಿನ ಹೊಲದ ತುದಿಯಲ್ಲಿ ಎತ್ತರದ ಜಾಗವೊಂದಿದೆ. ಅವರ ಅತ್ತೆ ಮಾವನನ್ನು ಹೂಳಿದ್ದು ಅಲ್ಲೇ. ಅಲ್ಲಿಗೇ ಒಯ್ಯೋಣವೆಂದು ಪುಟ್ಟಮ್ಮ ಹೇಳಿದಾಗ ಅವರ ಮೈದುನ ಅಡ್ಡ ನಿಂತರು. ಎಲ್ಲಿಂದಲೋ ಬಂದವರನ್ನು ಹಿರೀಕರ ಪಕ್ಕ ಮಲಗಿಸುವುದೇ ಎಂದು ಕೇಳಿದರು.

"ನಾಳೆ ನನ್ನೂ ಅಲ್ಲೇ ತಾನೆ ಮಡಗೋದು?" ಅಂದರು ಪುಟ್ಟಮ್ಮ. "ನನ್ನ ಜಾಗ ಆವಮ್ಮಂಗೆ ಕೊಟ್ಟಿವ್ನಿ ಅನ್ಕಳಿ."

ಅಲ್ಲೇ ಗುಂಡಿ ತೋಡಿದರು. ಗುಂಡಿಯ ತಳದವರೆಗೂ ಒಣ ಕೆಮ್ಮಣ್ಣು ಬಂತು.

ಮೂರನೆಯ ದಿನ ಇಲ್ಲಿಯವರು ಸಮಾಧಿಗೆ ಹಾಲು, ತುಪ್ಪ ಬಿಡುತ್ತಾರೆ. ಹಾಲುತುಪ್ಪ ಅಂತಲೇ ಅದರ ಹೆಸರು. ಪುಟ್ಟಮ್ಮನೇ ಮುಂದೆ ನಿಂತು ಮಾಡಿಸಿದರು. ಮಣ್ಣಿನ ಮೇಲಿದ್ದ ಚೆಂಡು ಹೂವುಗಳು ಬಾಡಿದ್ದವು. ಬರುವಾಗ ಒಂದನ್ನು ಮುಷ್ಟಿಯಲ್ಲಿಟ್ಟುಕೊಂಡು ಬಂದೆ. ಗೊತ್ತಿದ್ದೇ ತಂದೆ.

ಕಿಟಕಿಗೆ ಪಂಚೆ ಕಟ್ಟಿ ಹೂವನ್ನಿಟ್ಟೆ. ಎಸಳಿನ ಮಡಿಕೆಗಳಲ್ಲೆಲ್ಲ ಬರೀ ಕತ್ತಲೆ. ತಟ್ಟೆ ಹಿಡಿಯುವವರಿಲ್ಲ. ಅಷ್ಟರಲ್ಲಿ ಪುಟ್ಟಮ್ಮ ಬಾಗಿಲಿಗೆ ಬಂದು ಹೂವನ್ನು ನೋಡಿದರು, ನನ್ನನ್ನೂ ನೋಡಿದರು. ಬೈಗುಳಕ್ಕೆ ಕಾದು ತಲೆ ತಗ್ಗಿಸಿದೆ. ಅವರು ಒಳಗೆ ಬಂದು ಅವ್ವನ ತಟ್ಟೆ ತೆಗೆದುಕೊಂಡು ನನ್ನೆದುರು ಕುಕ್ಕರಗಾಲಲ್ಲಿ ಕೂತರು.

"ಯಾವ ಕಡಿಕೆ ಇಡ್ಕಳ್ಳಿ, ಹೇಳವ್ವ."

ಅವರ ಕೈ ನಡುಗಲಿಲ್ಲ. ಬೆಳಕು ನಿಂತಲ್ಲೇ ನಿಂತಿತು. ಅದಕ್ಕೇ ನನಗೆ ಅಳು ಬಂತು.

ಆ ಫೋಟೊ ನೋಡಿದ ನನ್ನ ತಂಗಿ ಎಸಳಿನ ಮಡಿಕೆಗಳನ್ನು ಅಲೆ ಅಂದುಕೊಂಡು, ಇದು ನಮ್ಮೂರ ನೀರೇನು ಎಂದು ಕೇಳಿದ್ದಳು. ರಜೆಗೆ ಬಾ ಎಂದು ನೀವು ಕರೆಯುತ್ತೀರಿ, ಬರುತ್ತೇನೆ. ಅಲ್ಲಿ ಅಪ್ಪ ಇರುವುದು ನಮ್ಮದೇ ಹೊಲದಲ್ಲಿ, ಆದರೆ ಎಲ್ಲಿ ಎಂದು ಬೆರಳು ಮಾಡಿ ತೋರಿಸಲಾರೆ. ಇಲ್ಲಿ ಅವ್ವ ಇರುವ ಜಾಗವನ್ನು ಕಣ್ಣು ಮುಚ್ಚಿಕೊಂಡೂ ತೋರಿಸಬಲ್ಲೆ. ಅದು ಪುಟ್ಟಮ್ಮನ ಜಾಗ.