ತೂಗಿ ಕಟ್ಟಿದ ಕೋಣೆ

ಡಾಕ್ಟರಮ್ಮನವರ ಅಂಗೈ ಬಹಳ ಅಗಲ. ಹೆಂಗಸರಲ್ಲಿ ಅಷ್ಟು ಅಗಲದ ಅಂಗೈಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಆಗ ತಾನೇ ಹುಟ್ಟಿದ ಮಗುವನ್ನು ಎಡಗೈಯ ಮೇಲೆ ಅಂಗಾತ ಮಲಗಿಸಿಕೊಂಡು, ಬೆರಳುಗಳಿಂದ ಅದರ ಕತ್ತಿಗೆ ಆಸರೆ ಕೊಟ್ಟು, ಕೈಯನ್ನು ಒಂದು ಸಲ ಮೆಲ್ಲಗೆ ಆಡಿಸಿ "ಆರು ಪೌಂಡು, ಸ್ವಲ್ಪ ಮೇಲೆ" ಎನ್ನುತ್ತಿದ್ದರು. ಆಮೇಲೆ ಮಗುವನ್ನು ತೂಕಕ್ಕೆ ಹಾಕಿ ನೋಡುವುದು ನನ್ನ ಕೆಲಸ. ಹೆಚ್ಚು ಸಲ ಅವರು ಹೇಳಿದ್ದೇ ಸರಿಯಾಗಿರುತ್ತಿತ್ತು. ಹಾಗಿದ್ದ ಮೇಲೆ ತೂಗುವುದು ಯಾಕೆ ಎಂದು ಹೊಸದರಲ್ಲಿ ನಾನು ಕೇಳಿದ್ದುಂಟು. "ಕಣ್ಣಳತೆ, ಕೈಯಳತೆ ಎಲ್ಲ ಬದನೇಕಾಯಿ ಕೊಳ್ಳೋಕೆ ಸಾಕಮ್ಮ. ಇದು ಜೀವ" ಎಂದಿದ್ದರು.

ಐವತ್ತರ ದಶಕದ ಮಾತು. ತರೀಕೆರೆಯಲ್ಲಿ ಊರಿನವರೇ ಸೇರಿ ನಡೆಸುತ್ತಿದ್ದ ಸಣ್ಣದೊಂದು ಹೆರಿಗೆ ಆಸ್ಪತ್ರೆಯಲ್ಲಿ ಅವರು ಡಾಕ್ಟರು, ನಾನು ನರ್ಸು. ಅವರು ಮೈಸೂರಿನವರು, ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಊರಿಗೆಲ್ಲ ತಿಳಿದುಕೊಳ್ಳುವ ಆಸೆ. ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಸಕ್ಕರೆ ಇಲ್ಲದ ಕಾಫಿಯನ್ನು ನಿಂತುಕೊಂಡೇ ಕುಡಿಯುತ್ತಿದ್ದರು. ಬೈಯುವಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅವರ ಮಾತು ಸಣ್ಣಗಾಯಿತು ಅಂದರೆ ನಾವೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತಿದ್ದೆವು.

ಆಸ್ಪತ್ರೆಗೆ ಒಂದು ಹಳೆಯ ಪಿಕಪ್ ಗಾಡಿ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ವಾರಕ್ಕೊಮ್ಮೆ ಅದರಲ್ಲಿ ನಾವು ಅಜ್ಜಂಪುರದ ಕಡೆ, ಕಡೂರಿನ ಕಡೆ, ಯಗಟಿಯವರೆಗೂ ಹೋಗಿ ಬಸುರಿಯರನ್ನು ನೋಡಿ ಬರುತ್ತಿದ್ದೆವು. ಎರಡು ಮೂರು ದಿನದ ತಿರುಗಾಟ. ಮಲಗುವುದು ಯಾರದೋ ಜಗುಲಿಯ ಮೇಲೆ, ಪರೀಕ್ಷೆ ಮಾಡುವುದು ಯಾರದೋ ಕೊಟ್ಟಿಗೆಯಲ್ಲಿ. ಕಷ್ಟದ ಹೆರಿಗೆಯಾದರೆ ಆ ಹೆಣ್ಣುಮಗಳನ್ನು ಗಾಡಿಯ ಹಿಂಭಾಗದಲ್ಲಿ ಹುಲ್ಲು ಹಾಸಿ ಮಲಗಿಸಿ, ಮೇಲೊಂದು ಟಾರ್ಪಾಲು ಕಟ್ಟಿ ತರೀಕೆರೆಗೆ ತರಬೇಕು. ಗಾಡಿಯ ಮೇಲೇ ಒಂದು ಕೋಣೆ ಇದ್ದಿದ್ದರೆ, ಒಂದು ಮಂಚ, ಕುಡಿಯುವ ನೀರು, ಸ್ಟವ್, ನಮಗೂ ರಾತ್ರಿ ಮಲಗಲು ಜಾಗ ಇದ್ದಿದ್ದರೆ ಎಂದು ಡಾಕ್ಟರಮ್ಮ ಯಾವಾಗಲೂ ಅನ್ನುತ್ತಿದ್ದರು.

ಆ ಕೋಣೆಯನ್ನು ಕಟ್ಟಿಸಿಕೊಡಲು ಮುಂದೆ ಬಂದವರು ಊರಿನ ಅಡಿಕೆ ಮಂಡಿಯ ಸಾಹುಕಾರರು. ಅವರ ಒಬ್ಬಳೇ ಮಗಳನ್ನು ಯಗಟಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ಕಷ್ಟವಾಗಿ, ಎತ್ತಿನ ಗಾಡಿಯಲ್ಲಿ ತರೀಕೆರೆಗೆ ಕರೆತರುವಾಗ ದಾರಿಯಲ್ಲೇ ತೀರಿಕೊಂಡಳು. ಅವಳ ಹೆಸರಿನಲ್ಲಿ ಏನಾದರೂ ಮಾಡಬೇಕೆಂದು ಸಾಹುಕಾರರು ಒಳಗೇ ಕುದಿಯುತ್ತಿದ್ದರು. ಕೋಣೆಯ ಮಾತು ಕಿವಿಗೆ ಬಿದ್ದದ್ದೇ ತಡ, ಮನೆ ಕಟ್ಟುವ ಆಚಾರಿಯನ್ನು ಕರೆಸಿ ಮರ ಕೊಯ್ಯಿಸಿದರು.

ಆಚಾರಿ ಮನೆಯನ್ನೇ ಕಟ್ಟಿದ. ಹಲಗೆಯ ಗೋಡೆ, ಹಲಗೆಯ ನೆಲ, ಮಡಿಸುವ ಮಂಚ, ನೀರಿನ ಪೀಪಾಯಿಗೆ ಗೂಡು, ಎಲ್ಲ ಚೆನ್ನಾಗಿತ್ತು. ಆದರೆ ಹಿಂದುಗಡೆ ಹತ್ತುವಲ್ಲಿ ಹೊಸ್ತಿಲು ಸಮೇತ ತೇಗದ ಬಾಗಿಲುವಾಡ ನಿಲ್ಲಿಸಿ, ಎರಡು ಕದ ಕೂರಿಸಿಬಿಟ್ಟಿದ್ದ. ಮೇಲೆ ಬಳ್ಳಿ ಕೆತ್ತಿ, ನಡುವೆ ಆ ಮಗಳ ಹೆಸರು ಕೊರೆದಿದ್ದ. ಹೊಸ್ತಿಲಿಲ್ಲದೆ ಮನೆ ಹೇಗಾಗುತ್ತದೆ ಎಂಬುದು ಅವನ ವಾದ. ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಒಳಗೆ ಹಾಲುಕ್ಕಿಸಿ, ನಮ್ಮನ್ನೆಲ್ಲ ಬಲಗಾಲಿಟ್ಟು ಹತ್ತಿಸಿದರು. ನಾನು ಆಗ ಏಳು ತಿಂಗಳ ಬಸುರಿ. ಹತ್ತುವಾಗ ಗಾಡಿಯ ಹಿಂಭಾಗ ಕುಗ್ಗಿದ್ದು ನನ್ನ ಭಾರಕ್ಕೇ ಎಂದುಕೊಂಡು ನಾಚಿಕೊಂಡೆ.

ಡ್ರೈವರ್ ಸಾಬರು ಒಬ್ಬರೇ ಗಾಡಿಯನ್ನು ಕೆರೆ ಏರಿಯವರೆಗೆ ಓಡಿಸಿಕೊಂಡು ವಾಪಸು ಬಂದರು. ಇಳಿದವರು ನೇರ ಡಾಕ್ಟರಮ್ಮನವರ ಹತ್ತಿರ ಬಂದರು.

"ಅಮ್ಮಾ, ಗಾಡಿ ನನ್ ಕೈಗೆ ಸಿಗ್ತಿಲ್ಲ. ಹಿಂದ್ಗಡೆ ಭಾರಕ್ಕೆ ಮುಂದಿನ್ ಗಾಲಿ ಎದ್ದೆದ್ದು ಬರ್ತದೆ. ಸ್ಟೇರಿಂಗ್ ತಿರುಗ್ಸಿದ್ರೂ ಗಾಡಿ ನೆಟ್ಟಗೇ ಹೋಯ್ತದೆ" ಎಂದರು.

"ಕೋಣೆ ಎಷ್ಟು ಭಾರ ಇದೆ?"

"ಯಾರಿಗ್ ಗೊತ್ತಮ್ಮಾ. ಯಾರೂ ತೂಗಿಲ್ವಲ್ಲ."

ಡಾಕ್ಟರಮ್ಮ ಡ್ರೈವರ್ ಕಡೆಯ ಬಾಗಿಲು ತೆಗೆದು, ಒಳಗೆ ಮೊಳೆ ಹೊಡೆದಿದ್ದ ಹಿತ್ತಾಳೆಯ ತಗಡನ್ನು ಸೆರಗಿನಿಂದ ಒರೆಸಿ ಓದಿದರು. ಈ ಗಾಡಿ ಮುಕ್ಕಾಲು ಟನ್ ಹೊರಬಹುದು, ಅದಕ್ಕಿಂತ ಹೆಚ್ಚು ಹೊರಿಸಬಾರದು ಎಂದು ಅದರಲ್ಲಿ ಇತ್ತು. ನಾನು, ಸಾಬರು ಎಲ್ಲರೂ ದಿನಾ ನೋಡುತ್ತಿದ್ದ ತಗಡೇ ಅದು. ಅವರು ನೇರವಾಗಿ ಮಂಡಿಗೆ ನಡೆದರು, ನಾನೂ ಜೊತೆಗೆ ಹೋದೆ.

ಕೋಣೆಯನ್ನು ಬಿಚ್ಚಿ ತೂಗಬೇಕು ಎಂದಾಗ ಸಾಹುಕಾರರ ಮುಖ ಬಿಳಿಚಿತು. ಆ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ತಕ್ಕಡಿಯ ಮುಂದೆಯೇ ಕೂತಿರುವವರು. ಒಂದು ಹಿಡಿ ಅಡಿಕೆ ಆಚೀಚೆಯಾದರೂ ಬಿಡುವವರಲ್ಲ. ಆದರೆ ದಾನ ಕೊಡುವಾಗ ಅವರ ಮನೆಯಲ್ಲಿ ತೂಗುತ್ತಿರಲಿಲ್ಲ, ಅಳೆಯುತ್ತಲೂ ಇರಲಿಲ್ಲ. ಸುಗ್ಗಿಯಲ್ಲಿ ಬಂದವರಿಗೆ ರಾಗಿಯನ್ನು ಮೊರದಲ್ಲಿ ಮೊಗೆದು ಸುರಿಯುತ್ತಿದ್ದರು, ಮುಖ ಆ ಕಡೆ ತಿರುಗಿಸಿಕೊಂಡು.

"ಅಮ್ಮಾವ್ರೇ, ತೂಗೋದೇ ನನ್ ಕಸುಬು. ಆದ್ರೆ ಕೊಡೋದನ್ನ ತೂಗೋ ಪದ್ಧತಿ ನಮ್ಮಲ್ಲಿಲ್ಲ. ನಮ್ಮಪ್ಪಾನೂ ತೂಗ್ಲಿಲ್ಲ. ಅಂಥಾದ್ರಲ್ಲಿ ಮಗಳ ಹೆಸರಲ್ಲಿ ಕೊಟ್ಟಿದ್ದನ್ನ ತಕ್ಕಡಿಗೆ ಹಾಕು ಅಂತೀರಲ್ಲ."

ನಾನಾಗಿದ್ದರೆ ಅಲ್ಲಿಗೇ ಬಿಟ್ಟು, ಹೇಗೋ ಅನುಸರಿಸಿಕೊಂಡು ಹೋಗೋಣ ಎನ್ನುತ್ತಿದ್ದೆ. ನಮ್ಮ ಕಡೆ ಎಷ್ಟು ಅನಾಹುತಗಳು ಈ 'ಹೇಗೋ' ಎನ್ನುವುದರಿಂದ ಆಗಿಲ್ಲ. ಡಾಕ್ಟರಮ್ಮನವರ ದನಿ ಸಣ್ಣಗಾಯಿತು.

"ದಾನ ಆಗಿದ್ರೆ ತೂಗ್ಬೇಡಿ ಸಾಹುಕಾರ್ರೇ, ನಿಮ್ಮಿಷ್ಟ. ನಾನು ಇದನ್ನ ಔಷಧಿ ಅಂತ ತಗೋತಾ ಇದೀನಿ. ಔಷಧೀನ ತೂಗದೇ ಕೊಟ್ರೆ ಏನಾಗತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?"

ಸಾಹುಕಾರರು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿ, "ಬಿಚ್ರಲೇ" ಎಂದು ಆಳುಗಳಿಗೆ ಹೇಳಿದರು.

ಮಂಡಿಯ ಅಂಗಳದಲ್ಲಿ ದೊಡ್ಡ ತಕ್ಕಡಿ ತೂಗುಬಿಟ್ಟಿದ್ದರು, ಮೂಟೆಗಳನ್ನು ತೂಗುವಂಥದ್ದು. ಡಾಕ್ಟರಮ್ಮ ಮೊದಲು ಕೋಣೆಯನ್ನು ಮುಟ್ಟಲೇ ಇಲ್ಲ. ಮುಕ್ಕಾಲು ಟನ್ನಿಗೆ ಎಷ್ಟು ಮಣ ಎಂದು ಸಾಹುಕಾರರಿಂದಲೇ ಲೆಕ್ಕ ಹಾಕಿಸಿ, ಅದರಲ್ಲಿ ಬಿಟ್ಟುಕೊಡಲಾಗದ್ದನ್ನೆಲ್ಲ ಮೊದಲು ಕಳೆದರು: ಡ್ರೈವರು, ತಾವು, ನಾನು, ಮಲಗಿರುವ ಹೆಂಗಸು, ಅವಳ ಜೊತೆಗೆ ಮನೆಯವರು ಒಬ್ಬರು, ತುಂಬಿದ ಪೀಪಾಯಿ, ಔಷಧಿಯ ಪೆಟ್ಟಿಗೆ, ಮಂಚ, ಸ್ಟವ್. ಉಳಿದದ್ದು ಎಷ್ಟೋ ಅಷ್ಟೇ ಕೋಣೆಯ ಪಾಲು. ಗಾಡಿ ನೋಡಿ ಎಷ್ಟು ತುರುಕಬಹುದು ಎಂದು ಯೋಚಿಸುವ ಜನ ನಾವು; ಜೀವಗಳನ್ನು ಮೊದಲು ಕೂರಿಸಿ ಆಮೇಲೆ ಮರಕ್ಕೆ ಜಾಗ ಕೊಡುವ ಲೆಕ್ಕವನ್ನು ನಾನು ಕಂಡಿದ್ದು ಅವತ್ತೇ ಮೊದಲು.

ಗೋಡೆ, ನೆಲ, ಮಾಡು ಒಂದೊಂದಾಗಿ ತಕ್ಕಡಿಗೆ ಬಂದವು. ಅವೆಲ್ಲ ಹೇಗೋ ಒಳಗೇ ಕೂತವು. ಬಾಗಿಲುವಾಡ, ಕದ, ಹೊಸ್ತಿಲು ಬಂದಾಗ ಲೆಕ್ಕ ಮೀರಿತು. ಸಾಹುಕಾರರು ಕೊಸರಾಡಲು ಶುರು ಮಾಡಿದರು. ನೀರು ಅರ್ಧ ತುಂಬಿದರಾಯಿತು, ಸ್ಟವ್ ಬೇಡ, ಎತ್ತಿನ ಗಾಡಿಗೆ ನಾಲ್ಕು ಮಣ ಹೆಚ್ಚು ಹೇರಿದರೆ ಎತ್ತು ಬೇಡ ಅನ್ನುತ್ತದೆಯೇ ಎಂದರು.

ಡಾಕ್ಟರಮ್ಮ ಬಾಗಿಲಿನ ಸಾಮಾನನ್ನೆಲ್ಲ ಒಂದು ತಟ್ಟೆಯಲ್ಲೇ ಇರಿಸಿ, ಇನ್ನೊಂದು ತಟ್ಟೆಯ ಕಲ್ಲುಗಳನ್ನು ತೆಗೆಸಿದರು. ನನ್ನ ಕಡೆ ತಿರುಗಿ, "ನೀನು ಬಂದು ಇದರಲ್ಲಿ ಕೂತ್ಕೋಮ್ಮ. ಭಯ ಪಡ್ಬೇಡ, ಹಗ್ಗ ನಾನು ಹಿಡ್ಕೊಂಡಿರ್ತೀನಿ" ಎಂದರು.

ಅಡಿಕೆ ಆರಿಸುತ್ತಿದ್ದ ಮುದುಕಿಯೊಬ್ಬಳು "ಬಸ್ರಿ ಹೆಂಗ್ಸನ್ನ ತಕ್ಕಡೀಲಿ ಕೂರಿಸ್ತಾರಾ ಯಾರಾದ್ರೂವೆ" ಎಂದು ಗೊಣಗಿದಳು. ಗಂಡಸರು ಮುಖ ತಿರುಗಿಸಿದರು. ನನಗೂ ಒಳಗೊಳಗೇ ಅಳುಕು. ಆದರೂ ಹೋಗಿ ಕೂತೆ. ನೆಲ ಬಿಟ್ಟು ಮೇಲೆದ್ದಾಗ ಹೊಟ್ಟೆಯಲ್ಲಿ ಮಗು ಮಿಸುಕಿತು. ತಕ್ಕಡಿ ಒಂದೆರಡು ಸಲ ಆಚೆ ಈಚೆ ತೂಗಿ ಸಮನಾಗಿ ನಿಂತಿತು. ಎದುರಿನ ತಟ್ಟೆಯಲ್ಲಿ ಬಾಗಿಲುವಾಡದ ಮೇಲೆ ಕೊರೆದಿದ್ದ ಆ ಹೆಸರು ನನ್ನ ಮುಖದ ಮಟ್ಟಕ್ಕೇ ಬಂದಿತ್ತು.

"ನೋಡಿ ಸಾಹುಕಾರ್ರೇ. ಬಾಗಿಲು ಬಂದ್ರೆ ಇವಳು ರಸ್ತೇಲಿ ಉಳೀತಾಳೆ. ಬಾಗಿಲು ಉಳಿದ್ರೆ ಇವಳು ಬರ್ತಾಳೆ. ಇಬ್ರಿಗೂ ಈ ಗಾಡೀಲಿ ಜಾಗ ಇಲ್ಲ."

ಸಾಹುಕಾರರು ಎದ್ದು ಬಂದು ನನ್ನನ್ನೇ ನೋಡಿದರು. ನನ್ನಲ್ಲಿ ಯಾರನ್ನು ಕಂಡರೋ, ಅವರ ಕಣ್ಣು ತುಂಬಿತು. ತಾವೇ ಆ ಕದಗಳನ್ನು ಎತ್ತಿ ಕೆಳಗಿಟ್ಟರು. ಆಳುಗಳು ಸಹಾಯಕ್ಕೆ ಬಂದರೆ ಬೇಡವೆಂದು ಕೈ ಅಡ್ಡ ಹಿಡಿದರು.

"ಅವಳ ಹೆಸ್ರು?" ಎಂದಷ್ಟೇ ಕೇಳಿದರು.

"ಹೆಸರಿಗೆ ತೂಕ ಇಲ್ಲ. ಪಕ್ಕದ ಹಲಗೆ ಮೇಲೆ ಬಣ್ಣದಲ್ಲಿ ಬರಸಿ. ದೊಡ್ಡದಾಗೇ ಬರಸಿ" ಎಂದರು ಡಾಕ್ಟರಮ್ಮ.

ಬಾಗಿಲಿನ ಜಾಗಕ್ಕೆ ಕ್ಯಾನ್ವಾಸಿನ ಪರದೆ ಬಂತು. ಪೀಪಾಯಿಯನ್ನು ಹಿಂದಿನಿಂದ ತೆಗೆದು ಡ್ರೈವರ್ ಸೀಟಿನ ಬೆನ್ನಿಗೆ ಕೂರಿಸಿದರು. ಸಾಬರು ಮತ್ತೊಮ್ಮೆ ಕೆರೆ ಏರಿಗೆ ಹೋಗಿ ಬಂದು, ಬೀಡಿ ಹಚ್ಚಿ, "ಈಗ ನಮ್ ಗಾಡಿ" ಎಂದರು.

ಅಲ್ಲಿಂದ ಮುಂದೆ ಡಾಕ್ಟರಮ್ಮನವರ ಒಂದು ಕಟ್ಟಳೆ ಇಡೀ ಸೀಮೆಗೆ ಗೊತ್ತಾಯಿತು: ಬಸುರಿಯ ಜೊತೆ ಒಬ್ಬರೇ ಹತ್ತಬೇಕು. ನಮ್ಮ ಕಡೆ ಹೆರಿಗೆಗೆ ಹೋಗುವುದೆಂದರೆ ಅತ್ತೆ, ತಾಯಿ, ಗಂಡ, ಚಿಕ್ಕಪ್ಪ, ಅವನ ಭಾವಮೈದ ಎಲ್ಲರೂ ಹೊರಡಬೇಕು. ಯಗಟಿಯಲ್ಲಿ ಒಂದು ಸಲ ಹಾಗೆ ಗುಂಪು ಹತ್ತಿ ಕೂತುಬಿಟ್ಟಿತು. ಡಾಕ್ಟರಮ್ಮ ಕೆಳಗೇ ನಿಂತು, "ಯಾರು ಯಾರು ಹೆರಬೇಕು ಅಂತ ಇದೀರಿ ಹೇಳಿ, ಅವರು ಕೂತಿರಿ. ಮಿಕ್ಕೋರು ಇಳೀರಿ" ಎಂದರು. ಗಂಡಸರು ನಗು ತಡೆಯಲಾರದೆ ಒಬ್ಬೊಬ್ಬರಾಗಿ ಧುಮುಕಿದರು.

ನನ್ನ ಸರದಿಯೂ ಬಂತು. ನನ್ನ ಯಜಮಾನರು ಅಜ್ಜಂಪುರದಲ್ಲಿ ಮೇಷ್ಟರು. ತವರಿನಲ್ಲಿ ನನಗೆ ಯಾರೂ ಇರಲಿಲ್ಲವಾದ್ದರಿಂದ ಹೆರಿಗೆಗೆ ಅಲ್ಲಿಗೇ ಹೋಗಿದ್ದೆ. ಭಾರಿ ಮಳೆ ಸುರಿದ ಮರುದಿನ ಬೆಳಿಗ್ಗೆ ನೋವು ಶುರುವಾಯಿತು. ನನ್ನ ಪುಣ್ಯಕ್ಕೆ ಅವತ್ತು ಗಾಡಿ ಅಜ್ಜಂಪುರದಲ್ಲೇ ಇತ್ತು. ಡಾಕ್ಟರಮ್ಮ ಬಂದು ಹೊಟ್ಟೆಯ ಮೇಲೆ ಆ ಅಗಲದ ಕೈ ಇಟ್ಟರು. ಅವರ ದನಿ ಸಣ್ಣಗಾಯಿತು.

"ಮಗು ಅಡ್ಡ ಮಲಗಿದೆ. ಇಲ್ಲಿ ಆಗಲ್ಲ. ಆಪರೇಷನ್ ಮಾಡ್ಬೇಕು, ತರೀಕೆರೆಗೆ ಹೊರಡೋಣ."

ಅಡ್ಡ ಮಲಗಿದ ಮಗುವಿನ ಕಥೆ ಹೇಗೆ ಮುಗಿಯುತ್ತದೆ ಎಂದು ನರ್ಸಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಜೊತೆ ಹತ್ತಿದ್ದು ಅತ್ತೆ. ಹೀಗೆ ಗಾಡಿ ಹತ್ತಿ ಊರೂರು ತಿರುಗುವ ಡಾಕ್ಟರಮ್ಮನನ್ನು ಅವರು ಬೆನ್ನ ಹಿಂದೆ ಗಂಡುಬೀರಿ ಎಂದೇ ಕರೆಯುತ್ತಿದ್ದುದು.

ದಾರಿಯಲ್ಲಿ ಒಂದು ಹಳ್ಳ. ಸೇತುವೆ ಇಲ್ಲ, ಕಲ್ಲು ಹಾಸಿದ ದಾರಿ. ಅದರ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಆಚೆ ದಡ ಕಡಿದಾದ ಏರು. ಸಾಬರು ಗಾಡಿ ನಿಲ್ಲಿಸಿ, "ಅಮ್ಮಾ, ಕಲ್ಲು ಎಲ್ಲೈತೆ ಅಂತ ಕಾಣ್ತಿಲ್ಲ. ಏರಲ್ಲಿ ಹಿಂದಕ್ಕೆ ಜಗ್ಗಿದ್ರೆ ಮುಗೀತು" ಎಂದರು.

ಡಾಕ್ಟರಮ್ಮ ಇಳಿದು, ಪೀಪಾಯಿಯ ನೀರನ್ನೆಲ್ಲ ಸುರಿಸಿದರು. ಸ್ಟವ್, ತಮ್ಮ ಟ್ರಂಕು, ಪಾತ್ರೆ ಎಲ್ಲ ದಡದ ಮೇಲೆ ಇಟ್ಟರು. ಆಮೇಲೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಕೊಡೆಯನ್ನು ಊರುಗೋಲು ಮಾಡಿಕೊಂಡು ಆ ನೀರಿಗೆ ಇಳಿದೇಬಿಟ್ಟರು. ಮುಂದುಗಡೆಯ ಸಣ್ಣ ಕಿಟಕಿಯಿಂದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಕೊಡೆಯಿಂದ ಕುಟ್ಟಿ ಕಲ್ಲು ಹುಡುಕಿ, ಅಲ್ಲಿ ನಿಂತು ಸಾಬರಿಗೆ ಕೈ ಸನ್ನೆ ಮಾಡುವುದು. ಮತ್ತೆ ಒಂದು ಹೆಜ್ಜೆ ಮುಂದೆ. ನೀರು ತೊಡೆಯವರೆಗೆ ಬಂತು. ಒಂದು ಸಲ ಕಾಲು ಜಾರಿ ಕುಸಿದು, ತಿರುಗಿ ಎದ್ದರು. ಗಾಡಿ ಅವರ ಹಿಂದೆ ಹಿಂದೆಯೇ ಹೋಯಿತು. ಏರಿನಲ್ಲಿ ಹಿಂಭಾಗ ಒಮ್ಮೆ ಕುಗ್ಗಿತು. ಮುಂದಿನ ಗಾಲಿ ನೆಲ ಬಿಡಲಿಲ್ಲ. ಮೇಲೆ ಹತ್ತಿದಾಗ ಅತ್ತೆ ನನ್ನನ್ನು ಹಿಡಿದಿದ್ದ ಕೈ ಬಿಟ್ಟು, ಆ ಕಿಟಕಿಯ ಕಡೆಗೆ ಕೈ ಮುಗಿದರು. ಆಮೇಲೆ ಅವರ ಬಾಯಲ್ಲಿ ಗಂಡುಬೀರಿ ಎಂಬ ಮಾತು ಬರಲಿಲ್ಲ.

ತರೀಕೆರೆಯಲ್ಲಿ ಒದ್ದೆ ಸೀರೆ ಬದಲಾಯಿಸಿ, ಕೈ ತೊಳೆದು ಆಪರೇಷನ್ ಮಾಡಿದರು. ಮಗಳು ಹುಟ್ಟಿದಳು. ನನಗೆ ಎಚ್ಚರವಾದ ಮೇಲೆ ಮೊದಲು ಕೇಳಿದ್ದು, ನೀವ್ಯಾಕೆ ನೀರಿಗೆ ಇಳಿದಿರಿ, ನಿಮಗೇನಾದರೂ ಆಗಿದ್ದರೆ ನನ್ನನ್ನು ಉಳಿಸುವವರು ಯಾರು ಎಂದು. ಅವರು ಅದಕ್ಕೂ ಲೆಕ್ಕವನ್ನೇ ಹೇಳಿದರು.

"ಅವನು ಓಡಿಸ್ಬೇಕು. ನೀನು ಮಲಗಿರ್ಬೇಕು. ನಿಮ್ಮತ್ತೆ ನಿನ್ನ ಹಿಡ್ಕೊಂಡಿರ್ಬೇಕು. ಇಳಿಯೋಕೆ ಅಂತ ಉಳಿದಿದ್ದು ನಾನೊಬ್ಬಳೇ ಅಲ್ವೇನಮ್ಮ."

ಅರವತ್ತರ ದಶಕದ ನಡುವೆ ಅವರಿಗೆ ಕಾಯಿಲೆಯಾಗಿ ಮೈಸೂರಿಗೆ ಹೋದರು. ತೀರಿಕೊಂಡ ಸುದ್ದಿ ಬಂದ ದಿನ ಸಾಹುಕಾರರು ಮಂಡಿಯ ತಕ್ಕಡಿ ಇಳಿಸಿ, ವ್ಯಾಪಾರ ನಿಲ್ಲಿಸಿದರು. ಸಾಬರು ಗಾಡಿಯ ಪಕ್ಕದಲ್ಲಿ ಕೂತು ಅತ್ತರು. ನಾನು ಆಮೇಲೆ ಎಷ್ಟೋ ಡಾಕ್ಟರುಗಳ ಕೈಕೆಳಗೆ ಕೆಲಸ ಮಾಡಿದೆ, ಓದಿದವರು, ಜಾಣರು, ಒಳ್ಳೆಯವರು. ಲೆಕ್ಕ ಹಾಕಿ ಭಾರ ಇಳಿಸುವವರನ್ನು ಅವರಲ್ಲೂ ಕಂಡಿದ್ದೇನೆ. ಆ ಲೆಕ್ಕದಲ್ಲಿ ತಮ್ಮನ್ನೇ ಮೊದಲು ಇಳಿಸಿಕೊಂಡವರನ್ನು ಕಾಣಲಿಲ್ಲ.

ನನ್ನ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಹಬ್ಬಕ್ಕೆ ಎಲ್ಲರೂ ಸೇರಿ ಮನೆ ತುಂಬಿ ಗಲಾಟೆ ಎದ್ದಾಗ ನನಗೆ ಆ ಹಳ್ಳ ನೆನಪಾಗುತ್ತದೆ. ಇಷ್ಟು ಜನರ ಮುಂದೆ, ತೊಡೆಯುದ್ದದ ಕೆಂಪು ನೀರಿನಲ್ಲಿ, ಕೊಡೆ ಊರಿಕೊಂಡು ಒಂದು ಬೆನ್ನು ನಡೆಯುತ್ತಿರುತ್ತದೆ.